ಮೂರನೆಯ ರಸ್ತೆ

ಸಾಲು ಎರಡು ಹೆಜ್ಜೆ ಮುಂದೆ ಹೋಯಿತು, ಅವನು ಹೋಗಲಿಲ್ಲ. ಹಿಂದೆ ನಿಂತಿದ್ದ ಟೈಲರ್ ಬೆನ್ನು ಮುಟ್ಟಿದ ಮೇಲೇ ಅವನಿಗೆ ಎಚ್ಚರವಾದದ್ದು. ಮುಂದಿನ ಕೋಣೆಯ ಕಿಟಕಿಯ ಕೆಳಗೆ ಸಿಸ್ಟರಮ್ಮನನ್ನು ಮಲಗಿಸಿದ್ದರು. ಬಂದವರೆಲ್ಲ ಅವರ ಮುಖ ನೋಡುತ್ತಿದ್ದರೆ ಅವನ ಕಣ್ಣು ಮಾತ್ರ ಮತ್ತೆ ಮತ್ತೆ ಕಿಟಕಿಯಾಚೆ ಹೋಗುತ್ತಿತ್ತು. ಅಲ್ಲಿ ಅಂಗಳದ ಗೋಡೆಗೆ ಒತ್ತಿಕೊಂಡು ಎಲೆಹಸಿರು ಬಣ್ಣದ ಹಳೆಯ ಕಾರು ನಿಂತಿತ್ತು. ನಿನ್ನೆ ಎಳೆದು ತಂದವರು ಅದರ ಮುಂದಿನ ಚಕ್ರಗಳನ್ನು ಓರೆಯಾಗಿಯೇ ಬಿಟ್ಟು ಹೋಗಿದ್ದರು.

ಬಡಾವಣೆಯಲ್ಲಿ ಅವನನ್ನು ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು. ಕಾರಿನ ರೇಡಿಯೋ, ಸ್ಪೀಕರು, ಈಗೀಗ ಡ್ಯಾಶ್‌ಬೋರ್ಡಿನೊಳಗೆ ಕೂರುವ ಸ್ಕ್ರೀನುಗಳನ್ನು ರಿಪೇರಿ ಮಾಡುವ ಸಣ್ಣ ಅಂಗಡಿ ಅವನದು. ಆ ಹಸಿರು ಕಾರಿನ ದಾರಿ ತೋರಿಸುವ ಸ್ಕ್ರೀನನ್ನು ಬಿಚ್ಚಿ ಸರಿಮಾಡಿದವನೂ ಅವನೇ, ಮೂರು ವಾರದ ಹಿಂದೆ ಅದಕ್ಕೆ ಹೊಸ ಮ್ಯಾಪ್ ಹಾಕಿಕೊಟ್ಟವನೂ ಅವನೇ. ಮೊನ್ನೆ ಮಧ್ಯಾಹ್ನ ಸಿಸ್ಟರಮ್ಮ ಅದೇ ಕಾರಿನಲ್ಲಿ, ಮುಚ್ಚಿಹೋದ ಹಳೆ ಸೇತುವೆಯ ಮುಂದೆ, ಸ್ಟೀರಿಂಗಿಗೆ ಹಣೆಯಿಟ್ಟು ಕೂತಲ್ಲೇ ಹೋಗಿಬಿಟ್ಟಿದ್ದರು. ಸಂಜೆ ಗಾಳ ಹಿಡಿದು ಮೀನಿಗೆ ಹೋದವನೊಬ್ಬ ನೋಡುವ ತನಕ ಯಾರಿಗೂ ಗೊತ್ತಾಗಲಿಲ್ಲ. ಹೃದಯಾಘಾತ ಎಂದು ಡಾಕ್ಟರು ಬರೆದುಕೊಟ್ಟರು. ಆದರೆ ಅವರು ಆ ರಸ್ತೆಗೆ ಯಾಕೆ ಹೋದರು? ಒಂದೂವರೆ ವರ್ಷದಿಂದ ನರಪಿಳ್ಳೆಯೂ ಓಡಾಡದ ರಸ್ತೆ ಅದು. ಜನ ಇದನ್ನೇ ಕೇಳುತ್ತಿದ್ದರು. ಉತ್ತರ ತನ್ನ ಹತ್ತಿರ ಇರಬಹುದೆಂಬ ಭಯ ಎರಡು ದಿನದಿಂದ ಅವನನ್ನು ಬಿಟ್ಟಿರಲಿಲ್ಲ.

ಬೆಳಿಗ್ಗೆ ಹೊರಡುವಾಗ ಹೆಂಡತಿ ತಡೆದಿದ್ದಳು. "ನೀವೇನು ಅವರ ಕೈ ಹಿಡ್ಕೊಂಡು ಅಲ್ಲಿಗೆ ಕರ್ಕೊಂಡು ಹೋದ್ರಾ? ಇಲ್ಲದ್ದನ್ನ ಮೈಮೇಲೆ ಎಳ್ಕೋಬೇಡಿ." ಅವನು ಶರ್ಟಿನ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ. ಅದನ್ನು ಬಿಚ್ಚಿ ಮತ್ತೆ ಹಾಕಿದವಳೂ ಅವಳೇ.

ಅವನ ಸರದಿ ಬಂತು. ಸಿಸ್ಟರಮ್ಮನ ಎಡಗೈ ಮಣಿಕಟ್ಟಿನಲ್ಲಿ ಯಾವಾಗಲೂ ಇರುತ್ತಿದ್ದ ಗಡಿಯಾರ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಬೆಳ್ಳಗಿನ ಒಂದು ಪಟ್ಟೆ ಮಾತ್ರ ಇತ್ತು. ಅವನಿಗೆ ಅದಕ್ಕಿಂತ ಮೇಲೆ ಕಣ್ಣೆತ್ತಲು ಆಗಲಿಲ್ಲ. ತಲೆಯ ಹತ್ತಿರ ಕೂತಿದ್ದ ಅವರ ತಂಗಿ, ಪಕ್ಕದಲ್ಲಿದ್ದ ಯಾರಿಗೋ, ಅಕ್ಕ ಆ ಹಾಳು ಪರದೆಯನ್ನು ನಂಬಿ ಕೆಟ್ಟಳು ಎಂದು ಸಣ್ಣ ದನಿಯಲ್ಲಿ ಹೇಳುತ್ತಿದ್ದರು. ಅದನ್ನು ರಿಪೇರಿ ಮಾಡಿದವನು ಎದುರಿಗೇ ನಿಂತಿದ್ದಾನೆಂದು ಅವರಿಗೆ ಗೊತ್ತಿರಲಿಲ್ಲ.

ಅವನು ಸರಸರನೆ ಹೊರಗೆ ಬಂದ. ಟೈಲರೂ ಹಿಂದೆಯೇ ಕುಂಟುತ್ತ ಬಂದು ಮೆಟ್ಟಿಲ ಮೇಲೆ ಕೂತರು. ಸಕ್ಕರೆ ಕಾಯಿಲೆಯಿಂದ ಅವರ ಪಾದಕ್ಕೆ ಹುಣ್ಣಾಗಿ ಎಂಟು ತಿಂಗಳಾಗಿತ್ತು. ವಾರಕ್ಕೆರಡು ಸಲ ಸಿಸ್ಟರಮ್ಮನೇ ಮನೆಗೆ ಹೋಗಿ ಪಟ್ಟಿ ಬದಲಾಯಿಸುತ್ತಿದ್ದರು. "ನಾಳೆ ಬಿಚ್ಚಬೇಕು," ಎಂದರು ಟೈಲರ್ ತಮ್ಮ ಕಾಲನ್ನೇ ನೋಡುತ್ತ. "ಇನ್ನು ಯಾರು ಬರ್ತಾರೆ ಅಂತ ಕೇಳೋಕೆ ನಾಚಿಕೆ. ಕೇಳದೆ ಇರೋಕೆ ಭಯ."

ಅವನು ಏನೋ ಸಮಾಧಾನ ಹೇಳಿ ಗೇಟಿನ ಕಡೆ ತಿರುಗುವಷ್ಟರಲ್ಲಿ ಸಿಸ್ಟರಮ್ಮನ ಮಗಳು ಎದುರಿಗೆ ಬಂದು ನಿಂತಳು. ಬೇರೆ ಊರಿನ ಶಾಲೆಯಲ್ಲಿ ಲೆಕ್ಕ ಕಲಿಸುವವಳು. ಅತ್ತು ಅತ್ತು ಮುಖ ಊದಿಕೊಂಡಿದ್ದರೂ ಮಾತು ಮಾತ್ರ ಕರಿಹಲಗೆಯ ಮುಂದೆ ನಿಂತವಳ ಹಾಗೆ ನೇರವಾಗಿತ್ತು.

"ಅಮ್ಮನ ಕಾರಿನ ಸ್ಕ್ರೀನ್ ಮಾಡ್ಕೊಟ್ಟಿದ್ದು ನೀವೇ ಅಲ್ವಾ? ಹೋಗ್ಬೇಡಿ. ನಿಮ್ಮ ಹತ್ರ ಒಂದು ಕೆಲಸ ಇದೆ."

* * *

ಸಿಸ್ಟರಮ್ಮ ಮೊದಲ ಸಲ ಅವನ ಅಂಗಡಿಗೆ ಬಂದದ್ದು ಮೂರು ತಿಂಗಳ ಹಿಂದೆ. ಎದುರುಗಡೆಯ ಔಷಧಿ ಅಂಗಡಿಯ ದಾರಿ ಕೇಳಲು ಬಂದವರು ಎಂದುಕೊಂಡಿದ್ದ. ಅವರು ಕಾರಿನ ಬಾಗಿಲು ತೆರೆದು, ಡ್ಯಾಶ್‌ಬೋರ್ಡಿನ ನಡುವೆ ಕಪ್ಪಾಗಿ ಕೂತಿದ್ದ ಸ್ಕ್ರೀನನ್ನು ರೋಗಿಯ ಹಾಗೆ ತೋರಿಸಿದರು. ಒಂದು ಗಂಟೆ ಬಿಸಿಲಲ್ಲಿ ಓಡಿದರೆ ಕಣ್ಣು ಮುಚ್ಚುತ್ತದೆ. ಗಾಜಿನ ಕೆಳಗಿನ ಅರ್ಧ ಬೆರಳಿಟ್ಟರೆ ಓಗೊಡುವುದಿಲ್ಲ. ಕಾರು ಊರೆಲ್ಲ ಸುತ್ತಿದರೂ ಮ್ಯಾಪಿನ ಮೇಲಿನ ಬಾಣ ಮೂರು ದಿನದಿಂದ ಒಂದು ಕೆರೆಯ ನಡುವೆ ನಿಂತಿದೆ.

"ಈಜು ಬರದವಳನ್ನ ಕೆರೇಲಿ ನಿಲ್ಲಿಸಿದೆ ನೋಡಪ್ಪ," ಎಂದಿದ್ದರು.

ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ನಿವೃತ್ತಿಯಾದ ಮೇಲೆ ಮನೆಮನೆಗೆ ಹೋಗಿ ಇಂಜೆಕ್ಷನ್ ಕೊಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಹಾಸಿಗೆ ಹಿಡಿದವರ ಮೂತ್ರದ ನಳಿಕೆ ಬದಲಾಯಿಸುವುದು. ಕೈಗುಣ ಒಳ್ಳೆಯದೆಂದು ಜನ ಹುಡುಕಿಕೊಂಡು ಬರುತ್ತಿದ್ದರು. ತೊಂದರೆ ಒಂದೇ, ಅವರಿಗೆ ದಿಕ್ಕು ತಿಳಿಯುತ್ತಿರಲಿಲ್ಲ. ಎಡ ಬಲವೇ ಗೊಂದಲ. ಗಡಿಯಾರ ಕಟ್ಟಿದ ಕೈ ಎಡಗೈ ಎಂದು ನೋಡಿಕೊಂಡು ತಿರುಗಬೇಕು. ಸಾಲದ್ದಕ್ಕೆ ಡ್ಯಾಶ್‌ಬೋರ್ಡಿನ ಎಡಬದಿಗೆ ಗಾಯದ ಪಟ್ಟಿಗೆ ಹಚ್ಚುವ ಬಿಳಿ ಟೇಪಿನ ಒಂದು ತುಂಡು ಅಂಟಿಸಿ ಅದರ ಮೇಲೆ 'ಎಡ' ಎಂದು ಬರೆದಿದ್ದರು.

"ಕಣ್ಣು ಮುಚ್ಕೊಂಡು ನರ ಹುಡುಕ್ತೀನಿ," ಎಂದಿದ್ದರು ನಗುತ್ತ. "ಕಣ್ಣು ಬಿಟ್ಕೊಂಡ್ರೂ ರಸ್ತೆ ಸಿಗಲ್ಲ."

ಫೋನಿನಲ್ಲೇ ಮ್ಯಾಪ್ ಇರುತ್ತದಲ್ಲ ಎಂದು ಅವನು ಕೇಳಿದ್ದ. ಫೋನು ರೋಗಿಗಳದ್ದು ಎಂದರು. ಅದು ದಾರಿ ಹೇಳುತ್ತಿರುವಾಗಲೇ ಯಾರೋ ನೋವು ತಡೆಯಲಾಗುತ್ತಿಲ್ಲ ಎಂದು ಕರೆ ಮಾಡುತ್ತಾರೆ, ದಾರಿ ಮಾಯವಾಗುತ್ತದೆ. ಹಳೆಯದನ್ನು ಕಿತ್ತು ದೊಡ್ಡ ಹೊಸ ಸ್ಕ್ರೀನು ಹಾಕೋಣವೇ ಎಂದ. ಈ ಕಾರಿನಲ್ಲಿ ಎಸಿಯ ಗುಂಡಿಗಳೂ ಹಿಂಬದಿಯ ಕ್ಯಾಮೆರಾವೂ ಅದೇ ಸ್ಕ್ರೀನಿಗೆ ಸೇರಿದ್ದರಿಂದ ಇಡೀ ಡ್ಯಾಶ್‌ಬೋರ್ಡೇ ಬದಲಾಗಬೇಕಿತ್ತು. ಅವರು ಒಪ್ಪಲಿಲ್ಲ. ಈ ವಯಸ್ಸಿನಲ್ಲಿ ಹೊಸಬಳ ಜೊತೆ ಸಂಸಾರ ಮಾಡಲಾರೆ, ಇವಳನ್ನೇ ಬದುಕಿಸಿಕೊಡು ಎಂದರು.

ಅವತ್ತು ಪಕ್ಕದ ಸೀಟಿನಲ್ಲಿ ಅವರ ಗಂಡನೂ ಇದ್ದರು. ಅಂಚೆ ಹಂಚಿ ನಿವೃತ್ತರಾದವರು, ಬೀದಿಯವರ ಬಾಯಲ್ಲಿ ಅಂಚೆಮಾವ. ಊರಿನ ಒಂದೊಂದು ಬಾಗಿಲೂ ಅವರಿಗೆ ಗೊತ್ತು. ಹೆಂಡತಿ ಈ ಕೆಲಸ ಶುರುಮಾಡಿದ ಮೊದಲೆರಡು ವರ್ಷ ಅವರೇ ಪಕ್ಕದಲ್ಲಿ ಕೂತು ದಾರಿ ಹೇಳುತ್ತಿದ್ದರಂತೆ. ಆಮೇಲೆ ಮಂಡಿ ಕೈಕೊಟ್ಟಿತು, ರೋಗಿಯ ಮನೆಯ ಮುಂದೆ ಗಂಟೆಗಟ್ಟಲೆ ಕಾರಿನಲ್ಲಿ ಕಾಯಲು ಆಗಲಿಲ್ಲ. ಸ್ಕ್ರೀನಿನ ಹೆಂಗಸಿನ ದನಿ ಅವರ ಜಾಗಕ್ಕೆ ಬಂತು. ಅದಕ್ಕೆ ಅವರು ಪರದೆಯಮ್ಮ ಎಂದು ಹೆಸರಿಟ್ಟಿದ್ದರು.

"ನಲವತ್ತು ವರ್ಷದಲ್ಲಿ ನನ್ನ ಒಂದು ಮಾತು ಕೇಳ್ಲಿಲ್ಲ ಇವಳು," ಎಂದು ಅವನಿಗೆ ದೂರು ಕೊಟ್ಟಿದ್ದರು. "ಪರದೆಯಮ್ಮ ಬಾವಿಗೆ ಬೀಳು ಅಂದ್ರೆ ಬೀಳ್ತಾಳೆ."

ಮೂವರೂ ನಕ್ಕಿದ್ದರು. ಅವನು ಪ್ಲಾಸ್ಟಿಕ್ ಪಟ್ಟಿಯಿಂದ ಅಂಚು ಎಬ್ಬಿಸಿ, ನಾಲ್ಕು ತಿರುಪು ಬಿಚ್ಚಿ, ಸ್ಕ್ರೀನನ್ನು ಹೊರಗೆಳೆದ. ಒಳಗಿನ ಬೆಸುಗೆ ಬಿಸಿಲಿಗೆ ಬಿರುಕು ಬಿಟ್ಟಿತ್ತು. ಆಂಟೆನಾದ ವೈರನ್ನು ಇಲಿ ಕಡಿದಿತ್ತು. ಗುಜರಿಗೆ ಹೋಗಿದ್ದ ಇಂಥದ್ದೇ ಕಾರೊಂದರಿಂದ ಗಾಜು ತಂದು ಹಾಕಿದ. ನಾಲ್ಕನೆಯ ದಿನ ಬಾಣ ಕೆರೆಯಿಂದ ಎದ್ದು ಅಂಗಡಿಯ ಮುಂದೆ ಬಂದು ನಿಂತಾಗ ಸಿಸ್ಟರಮ್ಮ ಅವನ ಬೆನ್ನು ತಟ್ಟಿದರು. ಚುಚ್ಚುಮದ್ದು ಹಾಕಿಸಿಕೊಂಡು ಅಳದ ಮಗುವಿನ ಬೆನ್ನು ತಟ್ಟಿದ ಹಾಗೆ.

* * *

ಮಗಳು ಅವನ ಕೈಗೆ ಕಾರಿನ ಕೀ ಕೊಟ್ಟಳು. ಹನ್ನೆರಡಕ್ಕೆ ಚಿತಾಗಾರದ ವ್ಯಾನು ಬರುತ್ತದೆ, ಅದಕ್ಕೆ ಮೊದಲು ಸ್ಕ್ರೀನು ಹಚ್ಚಿ ಇಡಬೇಕು, ಚಿಕ್ಕಮ್ಮನಿಗೆ ಮಾತ್ರೆ ಕೊಟ್ಟು ಬರುತ್ತೇನೆ ಎಂದಳು. ಅಮ್ಮ ಆ ರಸ್ತೆಗೆ ಯಾಕೆ ಹೋದಳು ಎಂಬುದು ಅದರಲ್ಲಿ ಇದ್ದೇ ಇರುತ್ತದಲ್ಲ ಎಂದು ಕೇಳಿದಳು. ಇರುತ್ತದೆ ಎಂದ ಅವನು. ದನಿ ತನ್ನದಲ್ಲವೆನ್ನಿಸಿತು.

ಕಾರಿನೊಳಗೆ ಸ್ಪಿರಿಟ್ಟಿನ ವಾಸನೆ. ಹಿಂದಿನ ಸೀಟಿನಲ್ಲಿ ಹತ್ತಿ, ಪಟ್ಟಿ, ಕೈಗವಸಿನ ಡಬ್ಬ ಹಾಗೇ ಇದ್ದವು. ಅವನು ಬಾಗಿಲು ಎಳೆದುಕೊಂಡು ಕೀ ತಿರುಗಿಸಿದ. ಆ ಸ್ಕ್ರೀನು ಏಳಲು ನಲವತ್ತು ಸೆಕೆಂಡು ಬೇಕು. ಆ ನಲವತ್ತು ಸೆಕೆಂಡಿನಲ್ಲಿ ಅವನು ಎರಡು ದಿನದಿಂದ ಮಾಡುತ್ತಿದ್ದುದನ್ನೇ ಮತ್ತೊಮ್ಮೆ ಮಾಡಿದ. ಮೂರು ವಾರದ ಹಿಂದಿನ ಆ ಮಧ್ಯಾಹ್ನವನ್ನು ನೆನಪಿಗೆ ತಂದುಕೊಳ್ಳಲು ನೋಡಿದ.

* * *

ಅವತ್ತು ಅವರು ಬಂದದ್ದು ಮ್ಯಾಪು ಬದಲಾಯಿಸಲು. ಕಾರಿನಲ್ಲಿದ್ದದ್ದು ಒಂಬತ್ತು ವರ್ಷ ಹಳೆಯದು, ನದಿಯಾಚೆಯ ಹೊಸ ಬಡಾವಣೆ ಅದರ ಪಾಲಿಗೆ ಬರೀ ಬಯಲು. ಆ ಮಾದರಿಗೆ ಮ್ಯಾಪು ಬರುವುದೇ ನಿಂತಿತ್ತು. ಅವನು ಅಲ್ಲಿ ಇಲ್ಲಿ ಕೇಳಿ, ಸಿಕ್ಕಿದ್ದರಲ್ಲಿ ಕೊನೆಯದನ್ನು ಮೆಮೊರಿ ಕಾರ್ಡಿಗೆ ಹಾಕಿದ್ದ. ಅದಕ್ಕೂ ಎರಡು ವರ್ಷವಾಗಿತ್ತು. ಅದರಲ್ಲಿ ಹೊಸ ಸೇತುವೆಯೂ ಇತ್ತು, ಹಳೆಯದೂ ಇತ್ತು. ಹಳೆಯದನ್ನು ಮುಚ್ಚಿದ್ದಾರೆಂಬುದು ಮಾತ್ರ ಅದಕ್ಕೆ ತಿಳಿಯದು.

ಅದಕ್ಕೆ ಒಂದು ಉಪಾಯವಿತ್ತು. ಬೇಡದ ರಸ್ತೆಯ ಮೇಲೆ ಬೆರಳಿನಿಂದ ಕೆಂಪು ಚೌಕ ಎಳೆದು ಉಳಿಸಿಬಿಟ್ಟರೆ ಯಂತ್ರ ಆ ದಾರಿಯ ಸುದ್ದಿಗೆ ಹೋಗುವುದಿಲ್ಲ. ಅವನು ಚೀಟಿಯಲ್ಲಿ ಮೂರು ಜಾಗ ಬರೆದುಕೊಂಡಿದ್ದ. ಮುಚ್ಚಿದ ರೈಲ್ವೆ ಗೇಟು, ಕಾರು ಬಿಡದ ಮಾರುಕಟ್ಟೆ ಬೀದಿ, ಹಳೆ ಸೇತುವೆ. ರೈಲ್ವೆ ಗೇಟು ಮಾಡಿದ್ದು ಚೆನ್ನಾಗಿ ನೆನಪಿದೆ. ಮಾರುಕಟ್ಟೆ ಮಾಡುವಾಗ ಸಿಸ್ಟರಮ್ಮನ ಫೋನು ಬಡಿದುಕೊಂಡಿತು. ಯಾರದೋ ನಳಿಕೆ ಕಟ್ಟಿಕೊಂಡು ಮೂತ್ರ ನಿಂತಿದೆಯಂತೆ, ಮುದುಕರು ಒದ್ದಾಡುತ್ತಿದ್ದಾರಂತೆ. ಅವರು ಆಗಲೇ ಸೀಟಿನಲ್ಲಿ ಕೂತು ಬೆಲ್ಟು ಎಳೆಯುತ್ತಿದ್ದರು. ಅವನು ಕಿಟಕಿಯಿಂದ ಕೈ ಒಳಗೆ ಚಾಚಿ ಗಾಜಿನ ಮೇಲೆ ಬೆರಳಿಟ್ಟಿದ್ದ. ಅದು ಮಾರುಕಟ್ಟೆಯನ್ನು ಉಳಿಸಲು ಇಟ್ಟ ಬೆರಳೋ, ಸೇತುವೆಯ ಮೇಲೆ ಇಟ್ಟದ್ದೋ? ಇನ್ನೊಮ್ಮೆ ಬನ್ನಿ, ಒಂದು ಬಾಕಿ ಇದೆ ಎಂದು ಹೇಳಿದನೋ, ಹೇಳಬೇಕೆಂದುಕೊಂಡನೋ?

ಕಾರು ತಿರುವಿನಲ್ಲಿ ಮರೆಯಾಯಿತು. ಅಂಗಡಿಯಲ್ಲಿ ಇನ್ನೊಬ್ಬರ ಬಿಚ್ಚಿಟ್ಟ ಸ್ಪೀಕರು ಕಾಯುತ್ತಿತ್ತು. ಚೀಟಿ ಎಲ್ಲಿ ಹೋಯಿತೋ.

* * *

ಸ್ಕ್ರೀನು ಬೆಳಗಿತು. ಸಿಸ್ಟರಮ್ಮ ಕೊನೆಯದಾಗಿ ಕೇಳಿದ್ದ ದಾರಿ ಹಾಗೇ ಇತ್ತು. ಹೊಸ ಬಡಾವಣೆಯ ಒಂದು ಮನೆ, ಅಲ್ಲಿಗೆ ಹೋಗುವ ನೀಲಿ ಗೆರೆ. ಅವನು ಮ್ಯಾಪನ್ನು ಕಿರಿದು ಮಾಡಿದ. ರೈಲ್ವೆ ಗೇಟಿನ ಮೇಲೆ ಕೆಂಪು ಚೌಕ. ಮಾರುಕಟ್ಟೆಯ ಮೇಲೆ ಕೆಂಪು ಚೌಕ. ನೀಲಿ ಗೆರೆ ಮುಖ್ಯರಸ್ತೆಯಿಂದ ಕವಲೊಡೆದು, ಹಳೆ ಸೇತುವೆಯ ಮೇಲೆ ಹಾದು, ನದಿ ದಾಟಿತ್ತು. ಅಲ್ಲಿ ಯಾವ ಚೌಕವೂ ಇರಲಿಲ್ಲ.

ಅವನು ಕಾರಿನ ಗಾಜಿನಾಚೆ ನೋಡಿದ. ಮನೆಯ ಮುಂದೆ ಜನ ಕುರ್ಚಿಗಳನ್ನು ಬದಿಗೆ ಸರಿಸುತ್ತಿದ್ದರು, ಟೈಲರ್ ಮೆಟ್ಟಿಲ ಮೇಲೆ ಕಾಲು ನೀಡಿ ಕೂತಿದ್ದರು. ಯಾರೂ ಇತ್ತ ನೋಡುತ್ತಿರಲಿಲ್ಲ. ಎರಡು ಸಲ ಬೆರಳು ಆಡಿಸಿದರೆ ಮುಗಿಯಿತು. ಮೂರೂ ಗುರುತು ಇದ್ದವು, ಅವರೇ ದಾರಿ ತಪ್ಪಿ ಹೋಗಿದ್ದಾರೆ ಎಂದರೆ ಯಾರೂ ಇಲ್ಲವೆನ್ನಲಾರರು. ದಿಕ್ಕು ತಿಳಿಯದವರು ಎಂದು ಊರಿಗೇ ಗೊತ್ತು.

ಬೆರಳು ತಾನಾಗಿಯೇ ಮುಂದೆ ಹೋಯಿತು. ಸೇತುವೆಯ ಮೇಲೆ ಕೆಂಪು ಚೌಕ ಬಿಚ್ಚಿಕೊಂಡಿತು. ಕೆಳಗೆ ಒಂದು ಸಾಲು ಮೂಡಿತು. ಉಳಿಸಬೇಕೆ? ಹೌದು. ಇಲ್ಲ.

ಅಷ್ಟರಲ್ಲಿ ಪಕ್ಕದ ಬಾಗಿಲು ತೆರೆದು ಮಗಳು ಬಂದು ಕೂತಳು. ಸ್ಕ್ರೀನಿನ ಮೇಲೆ ಬಗ್ಗಿದಳು.

"ಈ ಕೆಂಪು ಏನು?"

ಅವನು ಹೇಳಿದ. ಹೋಗಬಾರದ ರಸ್ತೆಗೆ ಹಾಕುವ ಗುರುತು ಎಂದ. ಹಾಗಾದರೆ ಇಲ್ಲಿ ಗುರುತು ಇದೆಯಲ್ಲ, ಆದರೂ ಅಮ್ಮ ಅಲ್ಲಿಗೆ ಹೋದಳೇ ಎಂದು ಅವಳು ಕೇಳಿದಳು. ಹುಬ್ಬು ಗಂಟಿಕ್ಕಿಕೊಂಡಿದ್ದಳು. ತಾಳೆಯಾಗದ ಲೆಕ್ಕವನ್ನು ನೋಡುವ ಹಾಗೆ ಅದನ್ನೇ ನೋಡುತ್ತಿದ್ದಳು. ಅವನ ಬೆರಳು 'ಹೌದು' ಎಂಬುದರ ಮೇಲೆ ಒಂದು ಕೂದಲೆಳೆ ಅಂತರದಲ್ಲಿ ನಿಂತಿತ್ತು.

ಅವನು 'ಇಲ್ಲ' ಒತ್ತಿದ. ಕೆಂಪು ಅಳಿಸಿಹೋಯಿತು. ನೀಲಿ ಗೆರೆ ಮತ್ತೆ ಸೇತುವೆ ದಾಟಿತು.

"ಇದು ಹೀಗಿತ್ತು," ಎಂದ. "ಆ ಗುರುತು ಈಗ ನಾನು ಹಾಕಿದ್ದು. ಅವತ್ತು ಹಾಕ್ಬೇಕಿತ್ತು, ಹಾಕಿರ್ಲಿಲ್ಲ."

ಅವಳು ಸ್ಕ್ರೀನಿನಿಂದ ಕಣ್ಣು ತೆಗೆದು ಅವನತ್ತ ತಿರುಗಿದಳು. ಆಮೇಲೆ ಒಂದೊಂದಾಗಿ ಕೇಳಿದಳು. ಮ್ಯಾಪು ಹಳೆಯದೆಂದು ಅಮ್ಮನಿಗೆ ಗೊತ್ತಿತ್ತೇ? ಗೊತ್ತಿತ್ತು. ಒಂದು ರಸ್ತೆ ಬಾಕಿ ಉಳಿದಿದೆ ಎಂದು ಹೇಳಿದ್ದಿರಾ? ನೆನಪಿಲ್ಲ. ಈ ಮೂರು ವಾರದಲ್ಲಿ ಒಂದು ಫೋನು ಮಾಡಬಹುದಿತ್ತಲ್ಲವೇ? ಮಾಡಬಹುದಿತ್ತು.

"ಮುಖ್ಯರಸ್ತೇಲಿ ಆಗಿದ್ದಿದ್ರೆ ಯಾರಾದ್ರೂ ನೋಡ್ತಿದ್ರು," ಎಂದಳು. "ಬದುಕ್ತಿದ್ಲು ಅಂತ ಹೇಳ್ತಿಲ್ಲ. ನೋಡ್ತಿದ್ರು."

ಅವನು ಸ್ಕ್ರೀನು ಆರಿಸಿದ.

"ಇಳೀರಿ," ಎಂದಳು. ಅವನು ಇಳಿದ. ಅವಳು ಕೀ ಕಿತ್ತುಕೊಂಡು, ಬಾಗಿಲಿಗೆ ಬೀಗ ಹಾಕಿ, ಒಮ್ಮೆ ಎಳೆದು ನೋಡಿ, ಒಳಗೆ ಹೋದಳು.

ಅವನಿಗೆ ಹೋಗಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಗೇಟಿನ ಕಂಬಕ್ಕೆ ಒರಗಿ, ಈಗ ಕರೆಯುತ್ತಾರೆ, ಎಲ್ಲರ ಎದುರಿಗೆ ಕೇಳುತ್ತಾರೆ ಎಂದು ಕಾದ. ಯಾರೂ ಕರೆಯಲಿಲ್ಲ. ಸಿಸ್ಟರಮ್ಮನ ತಂಗಿ ಬಂದವರಿಗೆಲ್ಲ ನೀರು ಕೊಡುತ್ತ ಅವನ ಹತ್ತಿರವೂ ಬಂದು, ಬಿಸಿಲಲ್ಲಿ ಯಾಕೆ ನಿಂತಿದ್ದೀರಿ, ಮುಖ ಬಿಳಿಚಿಕೊಂಡಿದೆಯಲ್ಲ ಎಂದು ಲೋಟ ಹಿಡಿಸಿದರು. ಅವನು ಗಟಗಟನೆ ಕುಡಿದ.

ಹನ್ನೆರಡೂ ಕಾಲಿಗೆ ವ್ಯಾನು ಬಂತು. ಬಾಗಿಲು ಇಕ್ಕಟ್ಟು, ಮೆಟ್ಟಿಲು ಎತ್ತರ. ಚಟ್ಟವನ್ನು ಹೊರಗೆ ತರುವಾಗ ಕಾಲಿನ ಕಡೆಯ ಒಬ್ಬರು ಎಡವಿದರು. ವ್ಯಾನಿನ ಡ್ರೈವರು ಗೇಟಿನ ಕಡೆ ನೋಡಿ, "ನೀವು, ಆ ಮೂಲೆ ಹಿಡೀರಿ," ಎಂದ. ಅವನು ಹಿಡಿದ. ಅಷ್ಟು ಭಾರವಿರಬಹುದೆಂದು ಅವನು ಎಣಿಸಿರಲಿಲ್ಲ. ಎದುರು ಮೂಲೆಯಲ್ಲಿ ಮಗಳಿದ್ದಳು. ಅವನನ್ನು ನೋಡಿದಳು. ಬಿಡಿ ಎನ್ನಲಿಲ್ಲ. ಅಂಗಳ ದಾಟುವಾಗ ಇಬ್ಬರ ಹೆಜ್ಜೆಯೂ ಒಂದೇ ಆಗಬೇಕಾಯಿತು.

* * *

ಚಿತಾಗಾರದಲ್ಲಿ ಎಲ್ಲ ಬೇಗ ಮುಗಿಯಿತು. ಕಬ್ಬಿಣದ ಬಾಗಿಲು ಮುಚ್ಚಿದ ಮೇಲೆ ಜನ ಎರಡು ಮೂರು ಮಂದಿಯಾಗಿ ಹೊರಗೆ ಬಂದು, ಯಾರು ಯಾರ ವಾಹನದಲ್ಲಿ ಹೋಗುವುದೆಂದು ತಗ್ಗಿದ ದನಿಯಲ್ಲಿ ಮಾತಾಡಿಕೊಂಡು, ಚದುರಿದರು. ಅಂಚೆಮಾವ ಮರದ ಕೆಳಗಿನ ಸಿಮೆಂಟು ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಬೆಳಿಗ್ಗೆಯಿಂದ ಅವರು ಒಂದು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಕೈಯಲ್ಲಿ ಫೋನು ಹಿಡಿದಿದ್ದರು, ಯಾರಿಗೂ ಮಾಡುತ್ತಿರಲಿಲ್ಲ.

ಮಗಳು ಅವನನ್ನು ಕರೆದುಕೊಂಡು ಹೋಗಿ ಅಪ್ಪನ ಮುಂದೆ ನಿಲ್ಲಿಸಿದಳು. "ನನಗೆ ಹೇಳಿದ್ದನ್ನ ಅಪ್ಪನಿಗೂ ನೀವೇ ಹೇಳಿ," ಎಂದಳು.

ಅವನು ಹೇಳಿದ. ಚೀಟಿ, ಮೂರು ರಸ್ತೆ, ಎರಡು ಗುರುತು, ಬಂದ ಫೋನು, ಹೊರಟ ಕಾರು. ಈ ಸಲ ಮಾತು ತಡವರಿಸಿತು. ನಡುವೆ ಎರಡು ಸಲ ತಪ್ಪಾಯಿತು ಮಾವ ಎಂದ. ಅಂಚೆಮಾವ ಅವನನ್ನು ನೋಡದೆ ಕೇಳಿಸಿಕೊಂಡರು.

"ಅವಳು ನನಗೆ ಫೋನ್ ಮಾಡಿದ್ಲು," ಎಂದರು ಕೊನೆಗೆ.

"ಗೊತ್ತಪ್ಪ," ಎಂದಳು ಮಗಳು. "ಅಮ್ಮನ ಫೋನಲ್ಲಿ ನೋಡಿದೆ. ಎರಡು ಮುಕ್ಕಾಲಿಗೆ. ಇಪ್ಪತ್ತೆರಡು ಸೆಕೆಂಡು. ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ."

ಅವರು ತಲೆಯಾಡಿಸಿದರು. ಆಮೇಲೆ ನಿಲ್ಲಿಸಿ ನಿಲ್ಲಿಸಿ ಹೇಳಿದರು. ಅವತ್ತು ಬೆಳಿಗ್ಗೆ, ನದಿಯಾಚೆಗೆ ಹೋಗುತ್ತೀಯಲ್ಲ, ನಾನೂ ಬರಲಾ ಎಂದು ಕೇಳಿದ್ದರಂತೆ. ಮಂಡಿನೋವು ಇಟ್ಟುಕೊಂಡು ಯಾಕೆ, ಪರದೆ ಇದೆಯಲ್ಲ ಎಂದಿದ್ದರಂತೆ ಸಿಸ್ಟರಮ್ಮ. ಅಷ್ಟೇ. ಜಗಳವಲ್ಲ. ಆದರೆ ಆ ಮಾತು ಮುಳ್ಳಿನ ಹಾಗೆ ಉಳಿದುಕೊಂಡಿತ್ತು.

"ಫೋನಲ್ಲಿ, ರೀ, ಎದುರಿಗೆ ಕಲ್ಲು ಅಡ್ಡ ಇಟ್ಟಿದ್ದಾರೆ, ಯಾವ ಕಡೆ ತಿರುಗ್ಲಿ ಅಂದ್ಲು. ನನ್ನನ್ನೇನು ಕೇಳ್ತೀಯ, ನಿನ್ನ ಪರದೆಯಮ್ಮನ್ನ ಕೇಳು ಅಂದೆ. ಕಟ್ ಮಾಡಿದೆ." ಅವರು ಫೋನನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡರು. "ತಮಾಷೆಗೆ ಅಂದಿದ್ದು. ಮತ್ತೆ ಮಾಡ್ತಾಳೆ, ಆಗ ಹೇಳೋಣ ಅಂತ ಕೂತಿದ್ದೆ."



"ಏದುಸಿರು ಬಿಡ್ತಿದ್ಲು," ಎಂದರು ಇನ್ನೂ ಮೆಲ್ಲಗೆ. "ಮೆಟ್ಟಿಲು ಹತ್ತಿ ಬಂದವಳ ಹಾಗೆ. ಕಾರಲ್ಲಿ ಕೂತವಳಿಗೆ ಏದುಸಿರು ಯಾಕೆ ಅಂತ ನನಗೆ ಹೊಳೀಲೇ ಇಲ್ಲ."

ಮಗಳು ಅಪ್ಪನ ಪಕ್ಕದಲ್ಲಿ ಕೂತಳು. ಅವರ ಹೆಗಲ ಮೇಲೆ ಒಣ ಎಲೆಯೊಂದು ಬಿದ್ದಿತ್ತು, ತೆಗೆದುಹಾಕಿದಳು. ಇನ್ನೇನೂ ಬಿದ್ದಿರದಿದ್ದರೂ ಅಲ್ಲೇ ಮತ್ತೆರಡು ಸಲ ಕೈಯಾಡಿಸಿದಳು. ಅವನು ಅಲ್ಲಿಂದ ಸರಿದು ಹೋಗಬೇಕೆಂದು ಎರಡು ಹೆಜ್ಜೆ ಹಾಕಿದಾಗ ಅಂಚೆಮಾವ ಕರೆದರು.

"ನಿನ್ನ ಹತ್ರ ಗಾಡಿ ಇದೆಯಾ?"

ಅಂಗಡಿಯ ವ್ಯಾನಿದೆ ಎಂದ.

"ನನ್ನ ಅಲ್ಲಿಗೆ ಕರ್ಕೊಂಡು ಹೋಗ್ತೀಯಾ? ಎಲ್ರೂ ನೋಡಿ ಬಂದ್ರು. ನಾನು ನೋಡಿಲ್ಲ."

ಅವನು ಮಗಳ ಮುಖ ನೋಡಿದ. ಅವಳು ಚಿತಾಗಾರದ ಕಡೆ ನೋಡುತ್ತಿದ್ದಳು. ಇವರಿಬ್ಬರಲ್ಲಿ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ತೀರ್ಮಾನಿಸಲು ಹೋಗಿ ಸೋತವಳ ಹಾಗೆ ಕಂಡಳು.

"ಕತ್ತಲಾಗೋದ್ರೊಳಗೆ ಮನೆಗೆ ಬಿಡಿ," ಎಂದಳು. "ಮಂಡಿ ನೋವಿದೆ ಅವರಿಗೆ. ತುಂಬ ಹೊತ್ತು ನಿಲ್ಲಿಸ್ಬೇಡಿ."

* * *

ಹಳೆ ಸೇತುವೆಯ ರಸ್ತೆ ಮುಖ್ಯರಸ್ತೆಯಿಂದ ಕವಲೊಡೆಯುವ ಕಡೆ ಯಾವ ಸೂಚನೆಯೂ ಕಾಣಲಿಲ್ಲ. ಇದ್ದ ಬೋರ್ಡು ಕಂಬದ ಸಮೇತ ಹುಲ್ಲಿಗೆ ಬಿದ್ದಿತ್ತು, ಅಕ್ಷರಗಳು ನೆಲದ ಕಡೆಗಿದ್ದವು. ಅರ್ಧ ಕಿಲೋಮೀಟರು ಒಳಗೆ ಹೋದ ಮೇಲೆ ಕಾಂಕ್ರೀಟಿನ ಮೂರು ದಿಮ್ಮಿಗಳು, ಅವುಗಳಾಚೆ ಬಿರುಕು ಬಿಟ್ಟ ಸೇತುವೆ. ಅವನು ವ್ಯಾನು ನಿಲ್ಲಿಸಿ ಅಂಚೆಮಾವನನ್ನು ಇಳಿಸಿದ.

ಇಬ್ಬರೂ ಮೊದಲು ನೋಡಿದ್ದು ನೆಲವನ್ನು. ದಪ್ಪ ಧೂಳಿನಲ್ಲಿ ಚಕ್ರದ ಗುರುತುಗಳು ಒಂದರ ಮೇಲೊಂದು ಬಿದ್ದಿದ್ದವು. ದಿಮ್ಮಿಯ ತನಕ ಬಂದು, ಹಿಂದೆ ಸರಿದು, ತಿರುಗಿಸಿಕೊಂಡು ಹೋದ ಗುರುತುಗಳು. ಸಣ್ಣ ಚಕ್ರ, ಅಗಲ ಚಕ್ರ, ಬೈಕಿನದು, ಲಾರಿಯದು. ಅವನು ಎಣಿಸಲು ಹೋಗಿ ಬಿಟ್ಟ. ಎಷ್ಟು ಜನ ಇಲ್ಲಿ ತನಕ ಬಂದು ಬೈದುಕೊಂಡು ವಾಪಸು ಹೋಗಿದ್ದರೋ. ತಿರುಗದೆ ಉಳಿದ ಜೋಡಿ ಒಂದೇ. ಎಡಪಕ್ಕದಲ್ಲಿ, ಬೇರೆಯವರಿಗೆ ಜಾಗ ಬಿಟ್ಟು, ಅಂಚಿಗೆ ಒತ್ತಿ ನಿಲ್ಲಿಸಿದ್ದು. ಅದರ ಮುಂದೆ ಎಳೆದುಕೊಂಡು ಹೋದ ಗಾಡಿಯ ಅಗಲವಾದ ಅಚ್ಚು.

ಅಂಚೆಮಾವ ಅಲ್ಲಿ ಕುಕ್ಕರುಗಾಲಿನಲ್ಲಿ ಕೂರಲು ನೋಡಿದರು. ಮಂಡಿ ಬಗ್ಗಲಿಲ್ಲ. ದಿಮ್ಮಿಗೆ ಕೈಕೊಟ್ಟು ನಿಂತರು. ನದಿಯ ಕಡೆಯಿಂದ ಗಾಳಿ ಬಂದು ಧೂಳನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಿತ್ತು. ಅವನು ಏನಾದರೂ ಹೇಳಬೇಕೆಂದುಕೊಂಡ. ಬಾಯಿಗೆ ಬಂದದ್ದೆಲ್ಲ ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳುವ ಮಾತೇ ಆಗಿತ್ತು.

ಆಗಲೇ ಹಿಂದಿನಿಂದ ಎಂಜಿನ್ನಿನ ಸದ್ದು ಕೇಳಿಸಿತು. ಬೂದು ಬಣ್ಣದ ಕಾರೊಂದು ತಿರುವಿನಲ್ಲಿ ಬರುತ್ತಿತ್ತು. ಹಿಂದಿನ ಸೀಟಿನ ತುಂಬ ಹಾಸಿಗೆ, ಗಿಡದ ಕುಂಡ, ಮನೆ ಬದಲಾಯಿಸುವವರ ಸಾಮಾನು. ಓಡಿಸುತ್ತಿದ್ದವನ ಕಣ್ಣು ರಸ್ತೆಯ ಮೇಲೆ ಇರಲಿಲ್ಲ, ಎದುರಿಗೆ ಸಿಕ್ಕಿಸಿದ್ದ ಫೋನಿನ ಮೇಲಿತ್ತು. ರೇಡಿಯೋ ಬಾಯಿ ತೆರೆಯುವ ಮೊದಲೇ ಅಂಚೆಮಾವ ರಸ್ತೆಯ ನಡುವೆ ಹೋಗಿ ಎರಡು ಕೈಯನ್ನೂ ಅಗಲಿಸಿ ನಿಂತಿದ್ದರು. ಕಾರು ಅವರಿಂದ ಎರಡು ಮಾರು ದೂರದಲ್ಲಿ ಕಿರ್ರೆಂದು ನಿಂತಿತು.

ಓಡಿಸುತ್ತಿದ್ದವನು ಕಿಟಕಿಯಿಂದ ತಲೆ ಹಾಕಿ, ಮ್ಯಾಪಿನಲ್ಲಿ ದಾರಿ ಇದೆಯೆಂದೇ ತೋರಿಸುತ್ತಿದೆಯಲ್ಲ ಎಂದ. ಅಂಚೆಮಾವ ಕುಂಟುತ್ತ ಅವನ ಹತ್ತಿರ ಹೋಗಿ ಕಿಟಕಿಯ ಅಂಚಿನ ಮೇಲೆ ಕೈಯಿಟ್ಟರು.

"ಯಾರ ಮನೆಗೆ ಹೋಗ್ಬೇಕು?"

ಹೊಸ ಬಡಾವಣೆ, ಹದಿನಾಲ್ಕನೆಯ ಅಡ್ಡರಸ್ತೆ ಎಂದ ಅವನು. ಅಂಚೆಮಾವ ಹೇಳತೊಡಗಿದರು. ವಾಪಸು ಮುಖ್ಯರಸ್ತೆ, ಬಲಕ್ಕೆ, ಪೆಟ್ರೋಲ್ ಬಂಕು ದಾಟಿದ ಮೇಲೆ ಹೊಸ ಸೇತುವೆ, ಇಳಿದ ತಕ್ಷಣ ಎಡಕ್ಕಲ್ಲ, ಎರಡನೆಯ ಎಡಕ್ಕೆ, ನೀರಿನ ಟ್ಯಾಂಕು ಕಂಡರೆ ನಿಧಾನ, ಟ್ಯಾಂಕಿನ ಹಿಂದಿನ ಮೂರನೆಯ ಬೀದಿ. ಅವನು ಸರಿ ಸರಿ ಎಂದು ಗೇರು ಹಾಕಿದ. ಅಂಚೆಮಾವ ಕೈ ತೆಗೆಯಲಿಲ್ಲ.

"ಈಗ ನೀವು ಹೇಳಿ."

ಅವನು ನಗಲು ನೋಡಿ, ಮುದುಕರ ಮುಖ ಕಂಡು, ನಗಲಿಲ್ಲ. ವಾಪಸು ಮುಖ್ಯರಸ್ತೆ, ಬಲಕ್ಕೆ, ಸೇತುವೆ ಎಂದ. ಇಳಿದ ಮೇಲೆ ಎಡಕ್ಕೆ ಎಂದ.

"ಎರಡನೇ ಎಡಕ್ಕೆ," ಎಂದರು ಅಂಚೆಮಾವ. "ಅವಸರ ಬೇಡ. ಮೊದಲಿಂದ ಹೇಳಿ."

ಅವರ ಕೈ ಕಿಟಕಿಯ ಅಂಚನ್ನು ಇನ್ನೂ ಹಿಡಿದೇ ಇತ್ತು. ಓಡಿಸುತ್ತಿದ್ದವನು ಎಂಜಿನ್ನು ಆರಿಸಿ, ಮೊದಲಿನಿಂದ ಶುರುಮಾಡಿದ.